ಎಲ್ಲರಿಗೂ ಒಂದೇ ಶಿಫ್ಟು

ಎಂಬತ್ತರ ದಶಕದಲ್ಲಿ ತಮಿಳುನಾಡಿನ ಉಡುಮಲೈಪೇಟೆಯ ನೂಲಿನ ಮಿಲ್ಲೊಂದಕ್ಕೆ ಹೊಸ ಯಂತ್ರಗಳು ಬಂದವು. ಅದಕ್ಕೆ ತಕ್ಕಂತೆ ಕೆಲಸದ ವ್ಯವಸ್ಥೆ ಬದಲಿಸುವ ಹೊಣೆ ನನ್ನ ಮೇಲೆ ಬಿತ್ತು. ನೂಲು ಸುತ್ತುವ ಹೆಂಗಸರಿಗೆ ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಅಂತ ಎರಡು ಶಿಫ್ಟು ಯಾಕೆ, ಎಲ್ಲರೂ ಒಟ್ಟಿಗೇ ಬಂದು ಸಂಜೆ ಮನೆಗೆ ಹೋಗಲಿ ಅಂದುಕೊಂಡೆ. ಅವರನ್ನೆಲ್ಲ ಸೇರಿಸಿ, ನನ್ನ ಹರಕು ತಮಿಳಿನಲ್ಲಿ ಈ ಸಿಹಿಸುದ್ದಿ ಹೇಳಿದೆ. ಒಬ್ಬರ ಮುಖವೂ ಅರಳಲಿಲ್ಲ.

ತಮಿಳಿನ ಜೊತೆಗೆ ಕನ್ನಡ, ತೆಲುಗೂ ಆಡುವ ಊರದು. ಮುಂದೆ ನಿಂತಿದ್ದ ರಂಗಮ್ಮ ಪಕ್ಕದಲ್ಲಿದ್ದ ತಮ್ಮ ಓರಗಿತ್ತಿಗೆ ಕನ್ನಡದಲ್ಲಿ ಪಿಸುಗುಟ್ಟಿದರು: "ಇಬ್ರೂ ಒಂದೇ ಹೊತ್ತು ಕೆಲ್ಸಕ್ಕೆ ಬಂದ್ರೆ, ಕಣ್ಣು ಕಾಣದ ಅತ್ತೆನ ನೋಡ್ಕೊಳ್ಳೋರು ಯಾರು? ಈ ಮನುಷ್ಯನಿಗೆ ಮನೆ ಅಂತ ಒಂದಿಲ್ವಾ?"

"ಇದೆಯಮ್ಮಾ, ಮೈಸೂರಲ್ಲಿ," ಎಂದೆ.

ರಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಅಯ್ಯೋ ಸಾಮಿ, ನೀವು ನಮ್ಮ ಮಾತಿನೋರು ಅಂತ ಗೊತ್ತಾಗ್ಲಿಲ್ಲ!"

"ಪರವಾಗಿಲ್ಲ, ಈಗ ಜೋರಾಗಿ ಹೇಳಿ."

ಅವರು ಹೇಳಿದರು. ಆಮೇಲೆ ಉಳಿದವರಿಗೂ ಧೈರ್ಯ ಬಂತು. ಒಬ್ಬಳಿಗೆ ಕೈಗೂಸಿನ ಚಿಂತೆ, ಇನ್ನೊಬ್ಬಳಿಗೆ ಹಾಲು ಕರೆಯುವ ಹೊತ್ತಿನದು. ಕೊನೆಗೆ ಯಂತ್ರಗಳು ಹೊಸವಾದವು, ಶಿಫ್ಟುಗಳು ಹಳೆಯವೇ ಉಳಿದವು. ಓರಗಿತ್ತಿಯರು ಮೊದಲಿನಂತೆ ಒಬ್ಬರಾದ ಮೇಲೆ ಒಬ್ಬರು ಕೆಲಸಕ್ಕೆ ಬಂದರು.

ನನಗೆ ಕನ್ನಡ ಬರುತ್ತದೆಂಬ ಸುದ್ದಿ ಮಾತ್ರ ಮಿಲ್ಲೆಲ್ಲ ಹಬ್ಬಿತು. ಅಂದಿನಿಂದ ಅವರು ನನ್ನನ್ನು ತೆಲುಗಿನಲ್ಲಿ ಬೈಯತೊಡಗಿದರು.