ಇಳಿಸಿಟ್ಟ ತಂಬೂರಿ

ಮಗಳ ಕಾಲೇಜಿನ ಉತ್ಸವದಲ್ಲಿ ಬದುಕಿರುವವರು ರಚಿಸಿದ ಸಂಗೀತಕ್ಕೆ ಮಾತ್ರ ಜಾಗ. ರಾಗ ಹಳೆಯದಿರಬಹುದು, ರಚನೆ ಹೊಸದಿರಬೇಕು. ಆ ವರ್ಷ ವಿದ್ಯಾರ್ಥಿಗಳ ಪೈಕಿ ಆಯ್ಕೆಯಾದದ್ದು ನನ್ನ ಮಗಳ ರಚನೆ ಒಂದೇ. ದೀಪಾವಳಿಯಿಂದ ಅದರ ಹಿಂದೆ ಬಿದ್ದಿದ್ದಳು, ಆದರೆ ಮನೆಯಲ್ಲಿ ಒಂದು ಸಾಲೂ ಹಾಡಿರಲಿಲ್ಲ. "ನೀವು ತಿದ್ದಲಿಕ್ಕೆ ಬರ್ತೀರಿ" ಅಂದಿದ್ದಳು. ನನಗೆ ಸಿಟ್ಟು ಬಂದಿತ್ತು. ಆಕೆಗೆ 'ಸಾ' ಹಚ್ಚಿಕೊಟ್ಟವನು ನಾನು. ಮನೆಯ ತಂಬೂರಿಯನ್ನು ದಿನಾ ಶ್ರುತಿ ಮಾಡುವವನೂ ನಾನೇ.

ಆ ದಿನ ಕಾತ್ರಜದ ನನ್ನ ಅಂಗಡಿಗೆ ಮಧ್ಯಾಹ್ನವೇ ಬೀಗ ಹಾಕಿ ಬೇಗ ಹೋದೆ. ವೇದಿಕೆಯ ಹಿಂದಿನ ಕೋಣೆಯಲ್ಲಿ ಯಾರೂ ಇರಲಿಲ್ಲ. ಹುಡುಗಿಯರೆಲ್ಲ ಚಹಾಕ್ಕೆ ಹೋಗಿದ್ದರು. ಚಾಪೆಯ ಮೇಲೆ ಎರಡು ತಂಬೂರಿ. ಒಂದನ್ನು ಮೀಟಿದೆ, ಚೆನ್ನಾಗಿತ್ತು. ಇನ್ನೊಂದು ಕೂದಲೆಳೆಯಷ್ಟು ಇಳಿದಿತ್ತು. ಈಗಿನವರ ಅವಸರ, ಅಂದುಕೊಂಡೆ. ಬಿರಡೆ ತಿರುಗಿಸಿ, ಮಣಿ ಸರಿಸಿ, ನಾಲ್ಕೂ ತಂತಿ ಏರಿಸಿ ಎರಡನ್ನೂ ಒಂದೇ ಮಾಡಿಟ್ಟೆ. ದೊಡ್ಡ ಉಪಕಾರ ಮಾಡಿದವನಂತೆ ಏಳನೇ ಸಾಲಿನ ನಡುವೆ ಹೋಗಿ ಕೂತೆ.

ಮೊದಲ ರಚನೆ ಶುರುವಾದ ಮೇಲೆ ಕೈಯಲ್ಲಿದ್ದ ಕಾರ್ಯಕ್ರಮದ ಹಾಳೆ ನೋಡಿದೆ. ಮುಂದಿನದು ಮಗಳದು. ಹೆಸರಿನ ಕೆಳಗೆ ಮರಾಠಿಯಲ್ಲಿ ಬರೆದಿತ್ತು: ಎರಡು ತಂಬೂರಿ, ಒಂದು ಬೇಕೆಂದೇ ಕೊಂಚ ಇಳಿಸಿದ್ದು, ಅವೆರಡರ ನಡುವೆ ಹಾಡು.

ನಾನು ಏರಿಸಿದ್ದು ಅದನ್ನೇ. ಮಗಳಿಗೆ ಮೆಸೇಜ್ ಕಳಿಸಿದೆ, ಒಂದೇ ಟಿಕ್ ಬಿತ್ತು. ಆಕೆ ಫೋನ್ ಆಫ್ ಮಾಡಿದ್ದಳು. ಮಂದಿಯ ಕಾಲು ತುಳಿಯುತ್ತ ಹಿಂದಿನ ಕೋಣೆಯ ಬಾಗಿಲವರೆಗೆ ಹೋದೆ. ಅಲ್ಲಿ ನಿಂತಿದ್ದ ಹುಡುಗಿ ಈಗ ಬಿಡುವುದಿಲ್ಲವೆಂದು ಅಡ್ಡ ಬಂದಳು. "ಆತ್ತಾ ನಾಹೀ, ಕಾಕಾ." ಆರು ತಿಂಗಳ ಕೆಲಸವನ್ನು ಎರಡು ನಿಮಿಷದಲ್ಲಿ ಹಾಳು ಮಾಡಿದ್ದೇನೆ ಎಂದು ಆ ಹುಡುಗಿಗೆ ಹೇಗೆ ಹೇಳಲಿ? ಗೋಡೆಗೆ ಒರಗಿ ನಿಂತೆ.

ಚಪ್ಪಾಳೆ ಮುಗಿಯುವುದರೊಳಗೆ ಮಗಳು ವೇದಿಕೆಯ ನಡುವೆ ಕೂತಾಗಿತ್ತು. ಎಡಬಲಕ್ಕೆ ಇಬ್ಬರು ಗೆಳತಿಯರು ತಂಬೂರಿ ಮೀಟಿದರು. ಎರಡೂ ಅಚ್ಚುಕಟ್ಟಾಗಿ ಕೂಡಿದವು. ಮಗಳು ಬಾಯಿ ತೆರೆಯಲಿಲ್ಲ. ಕೈ ಎತ್ತಿ ನಿಲ್ಲಿಸಿದಳು. ಆಮೇಲೆ ಸಭೆಯಲ್ಲಿ ನನ್ನನ್ನು ಹುಡುಕತೊಡಗಿದಳು. ಸತ್ತವರ ರಚನೆ ಕೆಡಿಸಿದರೆ ಅವರು ಸುಮ್ಮನಿರುತ್ತಾರೆ. ಬದುಕಿರುವವರು ಹೀಗೆ ಹುಡುಕುತ್ತಾರೆ.

"ನಾನ ಏರಿಸೀನವಾ," ಅಂದೆ. ಗೋಡೆ ಬಿಟ್ಟು ಮುಂದೆ ಬಂದೆ.

"ಹಂಗಾರ ನೀವ ಬಂದು ಇಳಸ್ರಿ."

ಕನ್ನಡ ತಿಳಿಯದಿದ್ದರೂ ಕೆಲವರು ನಕ್ಕರು. ನಾನು ಮೆಟ್ಟಿಲು ಹತ್ತಿದೆ. ಶ್ರುತಿ ಕೂಡಿಸುವುದು ನನಗೆ ಗೊತ್ತು. ಬಿಡಿಸುವಾಗ ಎಲ್ಲಿ ನಿಲ್ಲಬೇಕೋ ಗೊತ್ತಿರಲಿಲ್ಲ. ಬಿರಡೆ ಸಡಿಲಿಸಿದೆ.

"ಇನ್ನೂ."

ಇಳಿಸಿದೆ.

"ಭಾಳಾತು, ಏರಸ್ರಿ."

ಕಣ್ಣು ಮುಚ್ಚಿ ಕೇಳುತ್ತಿದ್ದಳು. ನಾಲ್ಕನೆಯ ತಂತಿಗೆ "ಸಾಕ್ರಿ" ಅಂದಳು. ನನ್ನ ಕಿವಿಗೆ ಅದು ಈಗಲೂ ತಪ್ಪೇ. ಕೆಳಗಿಳಿಯಲು ಎದ್ದೆ.

"ಎಲ್ಲಿ ಹೊಂಟ್ರಿ? ಇಲ್ಲೇ ಕೂತು ನುಡಸ್ರಿ. ಕಣ್ಣ ಮುಂದ ಇದ್ರ ನನಗ ಹೆದರಿಕಿ ಇಲ್ಲ."

ಗೆಳತಿ ಜಾಗ ಬಿಟ್ಟುಕೊಟ್ಟಳು. ಹಾಡು ಶುರುವಾಯಿತು. ಮಗಳ ಸ್ವರ ಎರಡು ತಂಬೂರಿಗಳ ನಡುವೆ, ಯಾವುದಕ್ಕೂ ತಾಗದೆ ನಡೆಯಿತು. ಎಲ್ಲಿ ತಪ್ಪುತ್ತಾಳೋ ಎಂದು ಕಾದೆ. ತಪ್ಪಲಿಲ್ಲ. ಬಲಗೈ ಮೀಟುತ್ತಿತ್ತು. ಎಡಗೈ ಬಿರಡೆಯತ್ತ ಹೋಗದಂತೆ ಅದನ್ನು ತೊಡೆಯ ಕೆಳಗೆ ಒತ್ತಿ ಹಿಡಿದು, ಕೊನೆಯವರೆಗೂ ಕೂತೆ.