ಕಡಲೆಕಾಯಿ ಎಲ್ಲಿ ಬಿಡುತ್ತದೆ?

“ಸುಳ್ಳ್ರಿ! ಕಡ್ಲಿಕಾಯಿ ನೆಲದಾಗ ಬಿಡಂಗಿಲ್ರಿ, ಗಿಡದ ಮ್ಯಾಲ ಬಿಡ್ತಾವ್ರಿ” ಎಂದುಬಿಟ್ಟೆ.

ಎಪ್ಪತ್ತರ ದಶಕ. ನಮ್ಮೂರು ಅಗರಖೇಡದ ಶಾಲೆಯಲ್ಲಿ ನಾನು ಮೂರನೇ ಇಯತ್ತೆ ಓದುತ್ತಿದ್ದೆ. ಹೊಸ ಪುಸ್ತಕದ ಪಾಠ ಹಳ್ಳಿ ಮಕ್ಕಳಿಗೆ ತಿಳಿಯುತ್ತದೋ ಇಲ್ಲವೋ ಎಂದು ಪರೀಕ್ಷಿಸಲು ಮೈಸೂರು ಕಡೆಯ ಸಾಹೇಬರೊಬ್ಬರು ಬಂದು, ‘ಕಡಲೆಕಾಯಿ ನೆಲದೊಳಗೆ ಬಿಡುತ್ತದೆ’ ಎಂದು ಓದಿದ್ದರು. ನನ್ನ ಮಾತಿಗೆ ಅವರು ಜೋರಾಗಿ ನಕ್ಕರು.

“ರೈತರ ಮನೆ ಹುಡುಗಿ, ಇಷ್ಟೂ ಗೊತ್ತಿಲ್ವಾ?”

ಸಾಹೇಬರು ನಕ್ಕರೆಂದು ಇಡೀ ಕ್ಲಾಸೂ ನಕ್ಕಿತು. ಅವರ ಕಡಲೆಕಾಯಿ ಎಂದರೆ ನಮ್ಮ ಶೇಂಗಾ ಎಂದು ಆಗ ನನಗೇನು ಗೊತ್ತು? ನನ್ನ ಕಣ್ಣ ಮುಂದಿದ್ದದ್ದು ನಮ್ಮ ಹೊಲದಲ್ಲಿ ಮೈತುಂಬ ಕಾಯಿ ಬಿಟ್ಟ ಹಸಿ ಕಡಲೆ ಗಿಡ. ಎರಡೂ ಕಡೆಯ ಮಾತು ಬಲ್ಲ ನಮ್ಮ ಮಾಸ್ತರರು ಗೋಡೆಗೆ ಒರಗಿ ನೆಲ ನೋಡುತ್ತಿದ್ದರು.

ಸಾಹೇಬರ ಜೀಪು ಹೋದ ಮೇಲೆ ಮಾಸ್ತರರು ಎಲ್ಲರೆದುರೇ ನನ್ನ ಹತ್ತಿರ ಬಂದರು.

“ನೀ ಹೇಳಿದ್ದು ಖರೇ ಐತಿ ಯವ್ವಾ. ಸಾಹೇಬ್ರ ಮುಂದ ನನಗ ಬಾಯಿ ಬರ್ಲಿಲ್ಲ. ತಪ್ಪಾತು” ಎಂದು ತಲೆ ತಗ್ಗಿಸಿದರು. ನಾನು ಲಂಗದ ಅಂಚು ಹಿಡಿದುಕೊಂಡು ಅಳತೊಡಗಿದೆ.

ಕ್ಲಾಸು ನಕ್ಕ ನಾಚಿಕೆ ಸಂಜೆಗೇ ಮರೆತುಹೋಯಿತು. ಮಾಸ್ತರರ ಬಾಗಿದ ತಲೆ ಕಂಡ ನಾಚಿಕೆ ಮಾತ್ರ ಇವತ್ತಿಗೂ ಹೋಗಿಲ್ಲ. ನಿಜವಾಗಿ ನಾಚಿಕೊಳ್ಳಬೇಕಾದವರು ಜೀಪು ಹತ್ತಿ ಹೋಗಿಬಿಟ್ಟಿದ್ದರು.