ಕಾರಿನ ಗಾಲಿಗೆ ಕೀಲೆಣ್ಣೆ

ಆಗ ನಾನು ಇಪ್ಪತ್ತೈದರ ಹೆಂಗಸು. ಅದಾಗಿ ನಲವತ್ತು ವರ್ಷದ ಮೇಲಾಯಿತು. ಹೋದ ವಾರ ಸೊಸೆ ಹರಳೆಣ್ಣೆ ಬಿಸಿಗಿಟ್ಟು ಮರೆತಳು. ಸೀದ ವಾಸನೆ ಹಿತ್ತಿಲವರೆಗೆ ಬಂತು. ಅವಳು ಕಿಟಕಿ ತೆಗೆಯಲು ಓಡಿದಳು. ನನಗೆ ಮಾತ್ರ ನ್ಯಾಮತಿಯ ನಮ್ಮ ಹಳೆಯ ಬೀದಿ, ಪಕ್ಕದ ಮನೆ ಮಾವ, ಅವರ ಕಾರು...

ಮಾವ ಅಂದರೆ ಸಂಬಂಧವಲ್ಲ. ಬೀದಿಯೆಲ್ಲ ಹಾಗೇ ಕರೆಯುತ್ತಿತ್ತು. ಹೊನ್ನಾಳಿಗೂ ನ್ಯಾಮತಿಗೂ ಎತ್ತಿನ ಗಾಡಿಯಲ್ಲಿ ಸಾಮಾನು ಸಾಗಿಸಿದ ಮನುಷ್ಯ. ಲಾರಿಗಳು ಬಂದು ಬಾಡಿಗೆ ನಿಂತ ಮೇಲೆ ಎತ್ತು ಮಾರಿ, ಮೂರು ಕೈ ದಾಟಿದ ಕಾರೊಂದನ್ನು ತಂದರು. ಓಡುವಾಗ ಚೆನ್ನಾಗಿಯೇ ಇತ್ತು. ಬ್ರೇಕ್ ತುಳಿದರೆ ಹಂದಿ ಹಿಡಿದಾಗ ಕೂಗುವ ಹಾಗೆ ಕೂಗುತ್ತಿತ್ತು. ಮಾವ ಊಟಕ್ಕೆ ಬಂದರು ಅಂತ ಬೀದಿಗೆಲ್ಲ ತಿಳಿಯುತ್ತಿತ್ತು.

ಆ ಬೇಸಿಗೆಯಲ್ಲಿ ಅತ್ತೆಯನ್ನು, ಅಂದರೆ ತಮ್ಮ ಹೆಂಡತಿಯನ್ನು, ಜಗಳೂರಿನ ತವರಿಗೆ ಕರೆದುಕೊಂಡು ಹೋದರು. ಮನೆ ಮುಂದೆ ನಿಲ್ಲಿಸುವಾಗ ಕಾರು ಕೂಗಿತು. ಬೀಗರೆಲ್ಲ ಹೊರಗೆ ಬಂದರು. ಅತ್ತೆಯ ತಮ್ಮನ ಹೆಂಡತಿ, "ಅತ್ತಿಗೆ, ನೀವು ಬಂದಿದ್ದು ಊರಿಗೆಲ್ಲ ಗೊತ್ತಾತು ಬಿಡ್ರಿ" ಅಂದಳಂತೆ. ಅತ್ತೆ ವಾಪಸು ಬಂದದ್ದು ಬಸ್ಸಿನಲ್ಲಿ.

ಬಂದವರೇ ನನ್ನ ಎದುರಿಗೇ ಹೇಳಿದರು: "ನನ್ ತಮ್ಮನ ಮಗಳ ಮದುವಿಗೆ ನಾನು ಬಸ್ಸಿಗೇ ಹೋಗಾಕಿ. ನೀವು ಬೇಕಾದ್ರೆ ನಿಮ್ ಹಂದಿ ಮ್ಯಾಲೆ ಕುಂತು ಬರ್ರಿ."

ಗಂಡ ಕಾರಿನಲ್ಲಿ, ಹೆಂಡತಿ ಬಸ್ಸಿನಲ್ಲಿ, ಇಬ್ಬರೂ ಒಂದೇ ಮದುವೆಗೆ. ಹಾಗೆ ಹೋದರೆ ಇಬ್ಬರೂ ಬೇರೆಯಾದರು ಅಂತ ಜಗಳೂರೆಲ್ಲ ಆಡಿಕೊಳ್ಳುವುದು ಖಂಡಿತ. ಮಾವ ಮುದ್ದೆ ಅರ್ಧಕ್ಕೇ ಬಿಟ್ಟು ಎದ್ದರು. ಗ್ಯಾರೇಜಿಗಾದರೂ ಬಿಡಿ ಅಂದೆ.

"ಗಾಲಿ ಕೂಗಿದ್ರೆ ಏನ್ ಮಾಡ್ಬೇಕಂತ ನಂಗೆ ಗ್ಯಾರೇಜಿನವ್ನು ಹೇಳ್ಕೊಡ್ಬೇಕಾ?"

ಮನೆ ಮುಂದೆಯೇ ಜಾಕ್ ಕೊಟ್ಟು ಎತ್ತಿ, ಗಾಲಿ ಬಿಚ್ಚಿ, ಅದರ ಹಿಂದಿನ ಡ್ರಮ್ಮು ಕಿತ್ತರು. ಒಳಗೆ ಬಾಗಿದ ಎರಡು ಕಬ್ಬಿಣದ ಪಟ್ಟಿ. ಅವುಗಳ ಮೇಲಿನ ಲೈನಿಂಗು ಪೂರಾ ಸವೆದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿತ್ತು. ಮಾವ ಅಟ್ಟದಿಂದ ಬಿದಿರಿನ ಗೊಟ್ಟ ಇಳಿಸಿದರು. ಅದರಲ್ಲಿ ಗಾಡಿಯ ಅಚ್ಚಿಗೆ ಹಚ್ಚುವ ಕೀಲೆಣ್ಣೆ, ಸುಟ್ಟ ಹುಲ್ಲಿನ ಬೂದಿಗೆ ಹರಳೆಣ್ಣೆ ಕಲಸಿದ್ದು. ಅದನ್ನು ನಾಲ್ಕು ಗಾಲಿಯೊಳಗೂ ಬಾಣಂತಿಗೆ ಎಣ್ಣೆ ಹಚ್ಚಿದಂತೆ ತೀಡಿದರು.

"ಮಾವ, ಇದು ಎತ್ತಿನ ಗಾಡಿ ಅಲ್ವಲ್ರೀ" ಅಂದೆ.

"ಗಾಲಿ ಐತೋ ಇಲ್ವೋ?"

"ಐತೆ."

"ಮತ್ತೆ?"

ಕಾರು ಹೊರಟಿತು. ಊರು ಒಂದು ಸುತ್ತು ಹಾಕಿ ಬಂತು. ಸದ್ದೇ ಇಲ್ಲ. ಅತ್ತೆ ಬಾಗಿಲಿಗೆ ಬಂದು ನಿಂತರು. ಮಾವ ಅವರನ್ನು ನೋಡಿ ನಗುತ್ತಾ ಮನೆ ದಾಟಿ ಹೋದರು. ಸಂತೋಷಕ್ಕೆ ಇನ್ನೊಂದು ಸುತ್ತು ಹೋಗುತ್ತಾರೆ ಅಂದುಕೊಂಡೆವು. ಎರಡನೇ ಸಲ ಬಂದಾಗ ಮುಖದಲ್ಲಿ ನಗುವಿರಲಿಲ್ಲ. ಎಣ್ಣೆಗೆ ಜಾರುವ ಬ್ರೇಕನ್ನು ತುಳಿಯುತ್ತಾ, ಎತ್ತಿಗೆ ಹೇಳುವ ಹಾಗೆ "ಹೋ... ಹೋ..." ಅನ್ನುತ್ತಿದ್ದರು. ಗಾಲಿಯಿಂದ ಹೊಗೆ, ಅದೇ ಸೀದ ವಾಸನೆ. ಬೀದಿಯ ಕೊನೆಯ ಹುಲ್ಲಿನ ಬಣವೆಯೊಳಗೆ ಕಾರು ಅರ್ಧ ನುಗ್ಗಿ ನಿಂತಿತು.

ಓಡಿಹೋಗಿ ನೋಡಿದರೆ ಮಾವನ ತಲೆ ತುಂಬ ಹುಲ್ಲು. "ಒಂದ್ ಸಣ್ಣ ಸದ್ದಾದ್ರೂ ಬಂತಾ, ಹೇಳು" ಅಂದರು.

ಅತ್ತೆ ಒಳಗೆ ಹೋಗಿ ಬಸ್ಸಿನ ಚೀಲಕ್ಕೆ ಸೀರೆ ಮಡಚಿ ಇಟ್ಟರು. ಆಗ ಮಾವನ ಹಟ ಇಳಿಯಿತು ನೋಡಿ. ದಾವಣಗೆರೆಗೆ ಹೋಗಿ ಹೊಸ ಲೈನಿಂಗಿನ ಪಟ್ಟಿ ತಂದರು. ಡ್ರಮ್ಮುಗಳನ್ನು ಪೆಟ್ರೋಲಿನಲ್ಲಿ ತಿಕ್ಕಿ ತೊಳೆದರು. ಬ್ರೇಕಿನ ಪೈಪಿನ ಗಾಳಿಯೂ ತೆಗೆಯಬೇಕು, ಅದಕ್ಕೆ ಒಬ್ಬರು ಮೇಲೆ ಕೂತು ಪೆಡಲ್ ತುಳಿಯಬೇಕು ಅಂತ ಅಂಗಡಿಯವನು ಹೇಳಿ ಕಳಿಸಿದ್ದ. ನನ್ನನ್ನು ಕೂರಿಸಿದರು. "ತುಳಿ... ಹಿಡಿ... ಬಿಡು" ಅಂತ ಕೆಳಗಿನಿಂದ ಕೂಗುವುದು, ನಾನು ಸೀರೆ ಎತ್ತಿ ಕಟ್ಟಿ ತುಳಿಯುವುದು. ಹೆಂಗಸು ಸ್ಟೇರಿಂಗ್ ಮುಂದೆ ಕೂತಿದ್ದಾಳೆ ಅಂತ ಬೀದಿಯವರು ನೀರಿನ ಕೊಡ ಇಳಿಸಿ ನಿಂತು ನೋಡಿದರು.

ಎಲ್ಲ ಮುಗಿದ ಮೇಲೆ ಅತ್ತೆ ನನ್ನನ್ನು ತೋರಿಸಿದರು. "ಮೊದ್ಲು ಇಕೀನ ಕುಂಡ್ರಿಸ್ಕೊಂಡು ಹೋಗಿ ಬರ್ರಿ. ಇಕಿ ಜೀವಂತ ಬಂದ್ರೆ ನಾನು ಹತ್ತೀನಿ."

ನನ್ನನ್ನು ಯಾರೂ ಕೇಳಲಿಲ್ಲ. ಸವಳಂಗದ ರಸ್ತೆಯ ಇಳಿಜಾರಿನಲ್ಲಿ ಮಾವ ಒಂದೇ ಸಲ ತುಳಿದರು. ಕಾರು ತುಟಿ ಬಿಚ್ಚದೆ ನಿಂತಿತು. ನನ್ನ ಹಣೆ ಮುಂದಿನ ಗಾಜಿಗೆ ಹೋಗಿ ಬಡಿಯಿತು. ಮನೆಗೆ ಬಂದಾಗ ಅತ್ತೆ ನನ್ನ ಹಣೆಯ ಬುಗುಟು ಮುಟ್ಟಿ ನೋಡಿ, "ನಿಂತೈತೆ ಬಿಡು" ಅಂದರು. ಚೀಲ ತಂದು ಕಾರಿನಲ್ಲಿಟ್ಟರು. ಮದುವೆಗೆ ಇಬ್ಬರೂ ಒಟ್ಟಿಗೆ ಹೋದರು.

ಮಾವ ತೀರಿಹೋಗಿ ಬಹಳ ವರ್ಷವಾಯಿತು. ಕಾರು ಗುಜರಿಗೆ ಹೋಯಿತು. ಆ ಮನೆ ಕೆಡವಿ ಗೊಬ್ಬರದಂಗಡಿ ಮಾಡಿದ್ದಾರೆ. ಅತ್ತೆ ಜಗಳೂರಿನಲ್ಲಿ ತಮ್ಮನ ಮಕ್ಕಳ ಜೊತೆ ಇದ್ದಾರೆ. ಎಣ್ಣೆ ಸೀದ ಮರುದಿನ ಬೆಳಿಗ್ಗೆಯೇ ನಾನು ಜಗಳೂರಿನ ಬಸ್ಸು ಹತ್ತಿದೆ.

"ಯಾಕ್ ಬಂದಿ?" ಅಂದರು ಅತ್ತೆ.

"ನೋಡಾಕೆ."

"ನೋಡು."

ಕಾರಿನ ಮಾತು ತೆಗೆದೆ. ಅತ್ತೆ ನಕ್ಕರು. ಬಾಯಲ್ಲಿ ಹಲ್ಲಿಲ್ಲ.

"ಆವತ್ತು ಕಾರು ಸುಮ್ನಾತು, ನಮ್ಮನೆಯವ್ರು ಬಾಯಿ ತೆಗೆದ್ರು ನೋಡು. ನ್ಯಾಮತಿಯಿಂದ ಜಗಳೂರ್ ಮುಟ್ಟೋತನಕ ಎತ್ತಿನ ಕತೆ. ಅಷ್ಟ್ ಮಾತು ನಾನು ಯಾವತ್ತೂ ಕೇಳಿರ್ಲಿಲ್ಲ."

"ಏನಂದ್ರು?"

"ಅರ್ಧಕ್ಕೇ ನಿದ್ದಿ ಹತ್ತಿತ್ತು ನಂಗೆ... ಈಗ ಕೇಳಾಣ ಅಂದ್ರೆ ಅವ್ರೇ ಇಲ್ಲ."

ಪೆಡಲ್ ತುಳಿಯುವಾಗ ಮಾವ ನನಗೂ ಒಂದು ಎತ್ತಿನ ಕತೆ ಹೇಳಿದ್ದರು. ಹೊಳೆ ನಡುವೆ ಎತ್ತು ಮಲಗಿಬಿಟ್ಟದ್ದು. ಅದನ್ನೇ ಹೇಳಿದೆ. ಅರ್ಧಕ್ಕೆ ಅತ್ತೆಯ ಗೊರಕೆ ಬಂತು. ನಾನು ಕತೆ ಮುಗಿಸಿಯೇ ಎದ್ದೆ.